1944ರ ಸ್ಲೊವಾಕ್ ಬಂಡಾಯ: ಹತ್ತಿಕ್ಕಲು ಜರ್ಮನ್ನರಿಗೆ ಎರಡು ತಿಂಗಳು ಯಾಕೆ ಬೇಕಾಯಿತು? ನಕ್ಷೆಗೆ ಸಹಾಯ ಬೇಕು

ಕುಲಕರ್ಣಿ, ಕೋಥ್ರೂಡ್ (ಪುಣೆ)

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಕನ್ನಡ ಓದು ಬಳಗದಲ್ಲಿ ಎರಡನೇ ಮಹಾಯುದ್ಧದ ಬಗ್ಗೆ ತಿಂಗಳಿಗೊಂದು ಉಪನ್ಯಾಸ ನಡೆಯುತ್ತಿದೆ. ವಾರ್ಸಾ ಆಯಿತು, ಪ್ಯಾರಿಸ್ ಆಯಿತು. ಮುಂದಿನದು ಸ್ಲೊವಾಕಿಯಾ. 1944ರ ಆಗಸ್ಟ್ 29ಕ್ಕೆ ಶುರುವಾದ ಬಂಡಾಯ ಮತ್ತು ಅದನ್ನು ಜರ್ಮನಿ ಹತ್ತಿಕ್ಕಿದ ರೀತಿ ನನ್ನ ಪಾಲಿಗೆ ಬಂದಿದೆ. 50 ನಿಮಿಷ ಮಾತು, ಗೋಡೆಗೆ ಒಂದು ದೊಡ್ಡ ನಕ್ಷೆ. ಪ್ಲಾಟರ್‌ನಲ್ಲಿ ಎ0 ಅಳತೆಯವರೆಗೂ ಮುದ್ರಿಸಿಕೊಡುವವರು ಇದ್ದಾರೆ.

ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಸ್ಲೊವಾಕಿಯಾದ ಯೋಜೆಫ್ ಟಿಸೊನ ಸರಕಾರ 1939ರಿಂದಲೂ ಜರ್ಮನಿಯ ಆಶ್ರಯದಲ್ಲೇ ಇತ್ತು. ಹಾಗಿದ್ದ ಮೇಲೆ ಅಲ್ಲಿ ಜರ್ಮನ್ ಸೈನ್ಯ ಮೊದಲೇ ಇರಲಿಲ್ಲವೇ? ಇದ್ದಿದ್ದರೆ ಬಂಡಾಯದ ಕೇಂದ್ರವಾದ ಬಾನ್ಸ್ಕಾ ಬಿಸ್ತ್ರಿತ್ಸಾದಂಥ ಸಣ್ಣ ಊರನ್ನು ಹಿಡಿಯಲು ಅಕ್ಟೋಬರ್ 27ರವರೆಗೆ ಯಾಕೆ ಕಾಯಬೇಕಾಯಿತು? ಇನ್ನೊಂದು, ಪ್ರತಿಯೊಂದು ಪುಸ್ತಕದಲ್ಲೂ ಬಾಣದ ಗುರುತುಗಳು ಎಲ್ಲ ದಿಕ್ಕಿನಿಂದ ಒಳಗೆ ಬರುತ್ತವೆ. ಯಾವ ಪಡೆ ಯಾವ ದಿನ ಎಲ್ಲಿಂದ ಬಂತು ಎಂಬುದು ಅದರಿಂದ ತಿಳಿಯುವುದಿಲ್ಲ. ಸಭೆಯಲ್ಲಿ ನಿವೃತ್ತ ಸೈನಿಕರೂ ಕೂತಿರುತ್ತಾರೆ, ಅಂದಾಜಿನ ಮಾತು ನಡೆಯದು.

ಊರುಗಳನ್ನು ಸುಟ್ಟದ್ದು, ಸಾಮೂಹಿಕ ಹತ್ಯೆ, ಇವನ್ನು ಕೊನೆಯ ಐದು ನಿಮಿಷಕ್ಕೆ ತಳ್ಳಿಬಿಡಲು ಮನಸ್ಸಿಲ್ಲ. ಎಲ್ಲಿ ಸೇರಿಸುವುದು ಎಂದೂ ಹೇಳಿ.

—

ಹೆಗ್ಡೆ, ಮಾಟುಂಗಾ (ಮುಂಬೈ)

ಕುಲಕರ್ಣಿಯವರೇ, ನಕ್ಷೆಯಿಂದ ಶುರು ಮಾಡುತ್ತೇನೆ. ಈ ವಿಷಯದಲ್ಲಿ ಹತ್ತರಲ್ಲಿ ಎಂಟು ತಪ್ಪು ನಕ್ಷೆಯಲ್ಲೇ ಆಗುತ್ತವೆ.

ಇವತ್ತಿನ ಸ್ಲೊವಾಕಿಯಾದ ನಕ್ಷೆ ತೆಗೆದುಕೊಂಡು ಅದರ ಮೇಲೆ 1944 ಬರೆಯಬೇಡಿ. 1938ರ ನವೆಂಬರ್ 2ಕ್ಕೆ ಜರ್ಮನಿ, ಇಟಲಿ ಕೊಟ್ಟ ವಿಯೆನ್ನಾ ತೀರ್ಪಿನಲ್ಲಿ ದಕ್ಷಿಣದ ಉದ್ದನೆಯ ಪಟ್ಟಿಯೇ ಹಂಗೆರಿಗೆ ಹೋಗಿತ್ತು. ಕೊಷಿತ್ಸೆ, ರೊಜ್ನಾವಾ, ಲುಚೆನೆತ್ಸ್ ಮೂರೂ 1944ರಲ್ಲಿ ಹಂಗೆರಿಯ ಊರುಗಳು. 1939ರ ಮಾರ್ಚ್‌ನಲ್ಲಿ ಪೂರ್ವದ ತುದಿಯಿಂದಲೂ ಒಂದು ತುಂಡನ್ನು ಹಂಗೆರಿ ಕಿತ್ತುಕೊಂಡಿತು. ಬ್ರಾತಿಸ್ಲಾವಾದ ಎದುರು ದಡದ ಪೆಟ್ರ್ಜಾಲ್ಕಾ ನೇರವಾಗಿ ಜರ್ಮನಿಯಲ್ಲೇ ಸೇರಿತ್ತು. ಈ ಗಡಿ ಸರಿಯಾಗಿ ಬರದಿದ್ದರೆ ನಿಮ್ಮ ಮುಖ್ಯ ಪ್ರಶ್ನೆಗೆ, ಅಂದರೆ ಎರಡು ತಿಂಗಳು ಯಾಕೆ ಎಂಬುದಕ್ಕೆ, ಉತ್ತರ ಕಾಣಿಸುವುದೇ ಇಲ್ಲ. ದಕ್ಷಿಣ ಗಡಿಯ ಆಚೆ ಇದ್ದದ್ದು ಹಂಗೆರಿ, ಅಲ್ಲಿಂದ ಅಕ್ಟೋಬರ್ ಮಧ್ಯದವರೆಗೆ ದೊಡ್ಡ ದಾಳಿ ಬರಲಿಲ್ಲ.

ಊರಿನ ಹೆಸರುಗಳಲ್ಲೂ ಹುಷಾರು. ಈಗಿನ ಮಾರ್ಟಿನ್ ಆಗ ತುರ್ಚಿಯಾನ್ಸ್ಕಿ ಸ್ವಾತಿ ಮಾರ್ಟಿನ್. ಈಗಿನ ಪಾರ್ತಿಜಾನ್ಸ್ಕೆ ಆಗ ಬಾಟ್ಯೊವಾನಿ, ಬಾಟಾ ಕಂಪನಿಯ ಊರು. ಜಿಯಾರ್ ನಾದ್ ಹ್ರೋನೊಮ್ ಆಗ ಸ್ವಾತಿ ಕ್ರೀಜ್. ಈಗಿನ ಸ್ಲಿಯಾಚ್ ವಿಮಾನ ನಿಲ್ದಾಣವನ್ನು ಆಗ ಟ್ರಿ ದುಬಿ ಎನ್ನುತ್ತಿದ್ದರು. ಕಮ್ಯುನಿಸ್ಟ್ ಕಾಲದಲ್ಲಿ ಮುದ್ರಿಸಿದ ನಕ್ಷೆಯಲ್ಲಿ ತೆಲ್ಗಾರ್ಟ್ ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಷ್ವೆರ್ಮೊವೊ ಎಂದಿರುತ್ತದೆ. ಒಂದೇ ಊರಿಗೆ ಎರಡು ಗುರುತು ಹಾಕಿ ಎರಡು ಕದನ ಎಂದು ತೋರಿಸಿದ ನಕ್ಷೆಗಳಿವೆ.

ಅಳತೆ ಹೀಗೆ ಮಾಡಿ. ಇಡೀ ದೇಶಕ್ಕೆ 1:400,000. ಬ್ರಾತಿಸ್ಲಾವಾದಿಂದ ಪೂರ್ವ ತುದಿಯವರೆಗೆ ಸುಮಾರು 370 ಕಿ.ಮೀ., ಕಾಗದದ ಮೇಲೆ 93 ಸೆಂ.ಮೀ. ಎ0 ಹಾಳೆಯ ಉದ್ದ 118.9 ಸೆಂ.ಮೀ., ಪಕ್ಕದಲ್ಲಿ ಸೂಚಿ ಬರೆಯಲೂ ಜಾಗ ಉಳಿಯುತ್ತದೆ. ಅದೇ ಹಾಳೆಗೆ 1:250,000 ಹಾಕಿದರೆ ಉದ್ದ 148 ಸೆಂ.ಮೀ. ಆಗಿ ಈಶಾನ್ಯ ಗಡಿಯ ಡುಕ್ಲಾ ಘಾಟ್ ಹೊರಗೆ ಹೋಗುತ್ತದೆ. ಆ ಅಳತೆಯನ್ನು ಬಂಡಾಯದ ಒಳನಾಡಿಗೆ ಮಾತ್ರ ಬಳಸಿ: ನಿತ್ರಾದಿಂದ ಪೊಪ್ರಾಡ್‌ವರೆಗೆ ಅಡ್ಡಕ್ಕೆ 160 ಕಿ.ಮೀ., ಅಂದರೆ 64 ಸೆಂ.ಮೀ. ಎ1 ಹಾಳೆ ಸಾಕು. ಎರಡು ನಕ್ಷೆ ಅಕ್ಕಪಕ್ಕ ತೂಗುಹಾಕಿ.

ಒಳನಾಡಿನ ನಕ್ಷೆಗೆ ನಾಲ್ಕು ಪಾರದರ್ಶಕ ಹಾಳೆ ತನ್ನಿ, ಅಪ್ಪಾ ಬಳವಂತ ಚೌಕದಲ್ಲಿ ಎ1 ಅಳತೆಯದೇ ಸಿಗುತ್ತದೆ. ಒಂದೊಂದಕ್ಕೆ ಒಂದು ದಿನಾಂಕ: ಆಗಸ್ಟ್ 31, ಸೆಪ್ಟೆಂಬರ್ 21, ಅಕ್ಟೋಬರ್ 18, ಅಕ್ಟೋಬರ್ 27. ಒಂದೇ ಹಾಳೆಯ ಮೇಲೆ ಎಲ್ಲ ಬಾಣ ಬಿಡಿಸಿದ್ದರಿಂದಲೇ ನಿಮಗೆ ಪುಸ್ತಕದಲ್ಲಿ ಗೊಂದಲವಾದದ್ದು. ಆಗಸ್ಟ್‌ನಲ್ಲಿ ಬಂದ ಪಡೆಯೂ ಅಕ್ಟೋಬರ್‌ನಲ್ಲಿ ಬಂದ ಪಡೆಯೂ ಒಂದೇ ದಿನ ನುಗ್ಗಿದ ಹಾಗೆ ಕಾಣುತ್ತದೆ.

ಇನ್ನು ನೆಲ. ಮೂರು ನದಿ ಕಣಿವೆ ಬಿಡಿಸಿದರೆ ಯುದ್ಧ ಅರ್ಧ ಅರ್ಥವಾದಂತೆ. ಉತ್ತರದಲ್ಲಿ ವಾಹ್: ಜಿಲಿನಾ, ಸ್ಟ್ರೆಚ್ನೊ, ವ್ರೂಟ್ಕಿ, ರುಜೊಂಬೆರೊಕ್. ಅದಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹ್ರೋನ್: ತೆಲ್ಗಾರ್ಟ್, ಬ್ರೆಜ್ನೊ, ಬಾನ್ಸ್ಕಾ ಬಿಸ್ತ್ರಿತ್ಸಾ, ಜ್ವೊಲೆನ್, ಸ್ವಾತಿ ಕ್ರೀಜ್. ಪಶ್ಚಿಮದಲ್ಲಿ ನಿತ್ರಾ ನದಿ: ತೊಪೊಲ್ಚಾನಿ, ಬಾಟ್ಯೊವಾನಿ, ಪ್ರಿಯೆವಿಡ್ಜಾ. ವಾಹ್ ಮತ್ತು ಹ್ರೋನ್ ನಡುವೆ ಲೋ ಟಾಟ್ರಾ ಬೆಟ್ಟಸಾಲು. ಅದನ್ನು ದಾಟಲು ದೊನೊವಾಲಿ, ಚೆರ್ತೊವಿತ್ಸಾ ಎಂಬ ಎರಡು ಮುಖ್ಯ ರಸ್ತೆ. ಟ್ಯಾಂಕ್ ಹೋಗುವುದು ರಸ್ತೆಯಲ್ಲಿ, ರಸ್ತೆ ಇರುವುದು ಕಣಿವೆಯಲ್ಲಿ, ಕಣಿವೆ ಕಿರಿದಾಗುವ ಕಡೆಯಲ್ಲೆಲ್ಲ ಕದನ.

ಸ್ಟ್ರೆಚ್ನೊ ತೋರಿಸುವಾಗ ಪುಣೆಯವರಿಗೆ ಬೋರ್ ಘಾಟ್ ನೆನಪಿಸಿ. ಕರ್ಜತ್‌ನಿಂದ ಖಂಡಾಳಾಕ್ಕೆ ಏರುವ ಆ ಒಂದು ದಾರಿ ಮುಚ್ಚಿದರೆ ಮುಂಬೈ–ಪುಣೆ ರೈಲು ಹೇಗೆ ನಿಲ್ಲುತ್ತದೋ, ಸ್ಟ್ರೆಚ್ನೊದಲ್ಲಿ ನದಿ, ರಸ್ತೆ, ರೈಲು ಮೂರೂ ಒಂದೇ ಇಕ್ಕಟ್ಟಿನಲ್ಲಿ ಹಾದುಹೋಗುತ್ತವೆ. ಹಂಗೆರಿಯ ಸೆರೆಶಿಬಿರಗಳಿಂದ ತಪ್ಪಿಸಿಕೊಂಡು ಬಂದ ಫ್ರೆಂಚ್ ಯುದ್ಧಕೈದಿಗಳು ಜಾರ್ಜ್ ದ ಲನ್ಯುರಿಯೆನ್ ಎಂಬ ಅಧಿಕಾರಿಯ ಕೈಕೆಳಗೆ ಸ್ಲೊವಾಕ್ ಸೈನಿಕರ ಜೊತೆ ನಿಂತದ್ದು ಇಲ್ಲಿಯೇ. ಆಗಸ್ಟ್ ಕೊನೆಗೆ ಜಿಲಿನಾ ಹಿಡಿದ ಜರ್ಮನ್ನರು ಸೆಪ್ಟೆಂಬರ್ ಮೊದಲ ವಾರದಲ್ಲಿ ಈ ಇಕ್ಕಟ್ಟು ದಾಟಿದರು. ಅಲ್ಲಿಂದ ಮಾರ್ಟಿನ್‌ಗೆ 15 ಕಿ.ಮೀ. ಆಚೀಚೆ. ಮಾರ್ಟಿನ್ ಕೈಗೆ ಬಂದದ್ದು ಸೆಪ್ಟೆಂಬರ್ 21ಕ್ಕೆ. ಎರಡನೇ ಹಾಳೆಗೆ ಆ ದಿನಾಂಕ ಹೇಳಿದ್ದು ಅದಕ್ಕೇ.

—

ದೇಸಾಯಿ, ಡೊಂಬಿವಲಿ

ಹೆಗ್ಡೆಯವರು ನಕ್ಷೆ ಚೆನ್ನಾಗಿ ಹೇಳಿದ್ದಾರೆ. ನಾನು ಮೊದಲ ಮೂರು ದಿನಕ್ಕೆ ಬರುತ್ತೇನೆ, ಯಾಕೆಂದರೆ ಬಂಡಾಯದ ಹಣೆಬರಹ ಬರೆದದ್ದು ಆಗಲೇ.

ಮೊದಲೇ ಸೈನ್ಯ ಇರಲಿಲ್ಲವೇ ಎಂದು ಕೇಳಿದ್ದೀರಿ. 1939ರ ಮಾರ್ಚ್ 23ರ ರಕ್ಷಣಾ ಒಪ್ಪಂದದ ಪ್ರಕಾರ ಜರ್ಮನಿಗೆ ಸೈನ್ಯ ಇಡುವ ಹಕ್ಕು ಇದ್ದದ್ದು ಪಶ್ಚಿಮ ಗಡಿಯ ಒಂದು ಪಟ್ಟಿಯಲ್ಲಿ ಮಾತ್ರ. ಒಳನಾಡಿನಲ್ಲಿ ಇದ್ದದ್ದು ಸ್ಲೊವಾಕ್ ಸೈನ್ಯ. ಅದೇ ಸೈನ್ಯ 1939ರಲ್ಲಿ ಪೋಲೆಂಡ್ ಮೇಲೂ 1941ರಲ್ಲಿ ಸೋವಿಯತ್ ಮೇಲೂ ಜರ್ಮನರ ಜೊತೆ ಹೋಗಿತ್ತು. ಈ ಬಂಡಾಯ ಎದ್ದದ್ದು ಸರಕಾರದ ಸ್ವಂತ ಸೈನ್ಯದೊಳಗಿಂದ ಎಂಬುದನ್ನು ಸಭೆಗೆ ಮೊದಲೇ ಹೇಳಿಬಿಡಿ, ವಾರ್ಸಾದ ಜೊತೆ ಹೋಲಿಸುವಾಗ ಇದು ಬೇಕಾಗುತ್ತದೆ.

ಯೋಜನೆ ಮಾಡಿದವರು ಲೆಫ್ಟಿನೆಂಟ್ ಕರ್ನಲ್ ಯಾನ್ ಗೊಲಿಯಾನ್ ಮತ್ತು ಅವರ ಗುಪ್ತ ಸೈನಿಕ ಕೇಂದ್ರ. ಬಾನ್ಸ್ಕಾ ಬಿಸ್ತ್ರಿತ್ಸಾದ ಭೂಸೇನಾ ಕಚೇರಿಯಲ್ಲಿ ಅವರು ಮುಖ್ಯ ಸಿಬ್ಬಂದಿ ಅಧಿಕಾರಿ. ಅವರ ಕೈಯಲ್ಲಿ ಎರಡು ದಾರಿ ಇದ್ದವು. ಒಂದು, ಕೆಂಪು ಸೇನೆ ಕಾರ್ಪೇಥಿಯನ್ ಬೆಟ್ಟಕ್ಕೆ ಬಂದ ಹೊತ್ತಿಗೆ ಪೂರ್ವದ ಎರಡು ಡಿವಿಷನ್‌ಗಳು ಡುಕ್ಲಾ, ಲುಪ್ಕೊವ್ ಘಾಟ್‌ಗಳನ್ನು ಒಳಗಿನಿಂದ ತೆರೆದುಕೊಡುವುದು. ಎರಡನೆಯದು, ಜರ್ಮನ್ನರು ಮೊದಲೇ ಒಳಬಂದರೆ ಇದ್ದಷ್ಟು ಬಲದಿಂದ ಮಧ್ಯ ಸ್ಲೊವಾಕಿಯಾ ಕಾಯುವುದು. ಇದಕ್ಕಾಗಿ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಇಮ್ರಿಖ್ ಕಾರ್ವಾಷ್ ನೋಟು, ಆಹಾರ, ಇಂಧನವನ್ನು ಸದ್ದಿಲ್ಲದೆ ಮಧ್ಯ ಸ್ಲೊವಾಕಿಯಾಕ್ಕೆ ಸಾಗಿಸಿದ್ದರು. ಎರಡು ತಿಂಗಳು ಹೊಟ್ಟೆಗೆ ಬಿದ್ದದ್ದು ಈ ದಾಸ್ತಾನಿನಿಂದ.

ಆಮೇಲೆ ಕೆಟ್ಟದ್ದೆಲ್ಲ ಗಡಿಬಿಡಿಯಿಂದ. ಸೋವಿಯತ್ ವಿಮಾನದಿಂದ ಇಳಿದ ವೆಲಿಚ್ಕೊನ ಗೆರಿಲ್ಲಾಗಳಿಗೆ ಸೈನಿಕ ಕೇಂದ್ರದ ವೇಳಾಪಟ್ಟಿಯ ಹಂಗು ಇರಲಿಲ್ಲ. ಆಗಸ್ಟ್ 28ರ ಬೆಳಗ್ಗೆ ಮಾರ್ಟಿನ್‌ನಲ್ಲಿ, ರುಮೇನಿಯಾದಿಂದ ಮರಳುತ್ತಿದ್ದ ಲೆಫ್ಟಿನೆಂಟ್ ಕರ್ನಲ್ ಪೌಲ್ ಓಟ್ಟೊ ಎಂಬಾತನ ಜರ್ಮನ್ ತಂಡವನ್ನು ಗುಂಡಿಟ್ಟು ಕೊಂದರು. ಸತ್ತವರು ಇಪ್ಪತ್ತಕ್ಕೂ ಹೆಚ್ಚು. ಐದೇ ದಿನದ ಹಿಂದೆ, ಆಗಸ್ಟ್ 23ಕ್ಕೆ, ರುಮೇನಿಯಾ ಪಕ್ಷ ಬದಲಿಸಿತ್ತು. ಸ್ಲೊವಾಕಿಯಾವೂ ಕೈಬಿಟ್ಟರೆ ಪೂರ್ವದ ಸೈನ್ಯಕ್ಕೆ ಹೋಗುವ ರೈಲು ದಾರಿಯೇ ಕತ್ತರಿಸಿಹೋಗುತ್ತದೆ. ಬರ್ಲಿನ್ ಒಂದು ದಿನವೂ ಕಾಯಲಿಲ್ಲ.

ಇಲ್ಲಿಂದ ಜರ್ಮನ್ನರ ಕೆಲಸ ನಡೆದ ಕ್ರಮ ನೋಡ್ರಿ. ಮೊದಲು ಟಿಸೊನಿಂದ ಒಪ್ಪಿಗೆ, ರಾಯಭಾರಿ ಹಾನ್ಸ್ ಲುಡಿನ್ ಮೂಲಕ. ಆಗಸ್ಟ್ 29ರ ಸಂಜೆ ರಕ್ಷಣಾ ಮಂತ್ರಿ ಚಾಟ್ಲೊಷ್‌ನಿಂದಲೇ ರೇಡಿಯೊದಲ್ಲಿ, ಜರ್ಮನ್ ಸೈನ್ಯ ಗೆರಿಲ್ಲಾಗಳನ್ನು ಅಡಗಿಸಲು ಬರುತ್ತಿದೆ, ತಡೆಯಬೇಡಿ ಎಂಬ ಘೋಷಣೆ. ಇದರ ಪ್ರಯೋಜನ ನೇರವಾಗಿತ್ತು: ಎಷ್ಟೋ ಠಾಣೆಗಳ ಅಧಿಕಾರಿಗಳಿಗೆ ತಮ್ಮ ಸರಕಾರ ಕರೆದ ಸೈನ್ಯದ ಮೇಲೆ ಗುಂಡು ಹಾರಿಸಬೇಕೋ ಬೇಡವೋ ತಿಳಿಯದೆ ಹೋಯಿತು. ಅದೇ ರಾತ್ರಿ ಗೊಲಿಯಾನ್ ಸಂಕೇತ ಕಳಿಸಿದರು. ಟ್ರ್ನಾವಾದಿಂದ ಒಂದಷ್ಟು ಪಡೆ ಹೊರಟು ಬಂತು. ಬ್ರಾತಿಸ್ಲಾವಾ, ನಿತ್ರಾದ ದೊಡ್ಡ ಠಾಣೆಗಳು ಬಹುಪಾಲು ಕದಲಲಿಲ್ಲ.

ನಿಜವಾದ ಪೆಟ್ಟು ಪೂರ್ವದಲ್ಲಿ. ಎಲ್ಲಕ್ಕಿಂತ ಒಳ್ಳೆಯ ಆಯುಧ ಇದ್ದದ್ದು ಪ್ರೆಶೊವ್ ಸುತ್ತಿನ ಆ ಎರಡು ಡಿವಿಷನ್‌ಗಳಲ್ಲಿ. ದಂಡನಾಯಕ ಜನರಲ್ ಮಾಲಾರ್ ಆಗ ಬ್ರಾತಿಸ್ಲಾವಾದಲ್ಲಿದ್ದ. ಆಗಸ್ಟ್ 30ಕ್ಕೆ ಅಲ್ಲಿಂದಲೇ ರೇಡಿಯೊದಲ್ಲಿ, ಇದು ಅಕಾಲದ ಬಂಡಾಯ, ಬರಾಕಿಗೆ ಮರಳಿ ಎಂದ. ಅವನ ಕೈಕೆಳಗಿನ ಕರ್ನಲ್ ಟಾಲ್ಸ್ಕಿ ಮರುದಿನ ಪಡೆಯನ್ನು ಬಿಟ್ಟು ವಿಮಾನ ಹತ್ತಿ ಸೋವಿಯತ್ ಕಡೆಗೆ ಹೋದ. ಅದೇ ದಿನ, ಆಗಸ್ಟ್ 31ಕ್ಕೆ, ಜರ್ಮನ್ನರು ಎರಡೂ ಡಿವಿಷನ್‌ಗಳ ಆಯುಧ ಕಸಿದುಕೊಂಡರು. ಹೆಚ್ಚು ಕಡೆ ಗುಂಡು ಹಾರಲೂ ಇಲ್ಲ. ಹೋರಾಡು ಎಂಬ ಆಜ್ಞೆ ಕೊಡುವವರೇ ಅಲ್ಲಿ ಇರಲಿಲ್ಲ. ಸಾವಿರಾರು ಮಂದಿ ಸೆರೆಯಾದರು, ಒಂದು ಪಾಲು ಮಾತ್ರ ಕಾಡಿಗೆ ಹೋಗಿ ಗೆರಿಲ್ಲಾಗಳನ್ನು ಸೇರಿತು. ಗೊಲಿಯಾನ್ ಬಳಿ ಉಳಿದದ್ದು ಎರಡನೇ ದಾರಿ ಒಂದೇ.

ನಿಮ್ಮ ಮೊದಲ ಹಾಳೆಯಲ್ಲಿ ಪ್ರೆಶೊವ್ ಮೇಲೆ ಕೆಂಪು ಅಡ್ಡಗೆರೆ ಹಾಕಿ. ಬಿಸ್ತ್ರಿತ್ಸಾ ಬಿದ್ದದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಬೆರಳಿಡಬೇಕಾದ ಜಾಗ ಅದು.

—

ಕುಲಕರ್ಣಿ, ಕೋಥ್ರೂಡ್

ದೇಸಾಯರೇ, ಹೆಗ್ಡೆಯವರೇ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ತುಂಬ ಉಪಕಾರ. ಹಾಗಾದರೆ ಪ್ರಶ್ನೆ ತಿರುಗುತ್ತದೆ: ಮೂರು ದಿನದಲ್ಲಿ ಅರ್ಧ ಬಲ ಹೋದಮೇಲೆ ಉಳಿದವರು ಅಕ್ಟೋಬರ್ ಕೊನೆಯವರೆಗೆ ಹೇಗೆ ನಿಂತರು? ಡುಕ್ಲಾ ಕಡೆಯಿಂದ ಕೆಂಪು ಸೇನೆ ಬರಲಿಲ್ಲವಲ್ಲ?

—

ಪ್ರಭು, ಮಡಗಾಂವ್

ಜರ್ಮನ್ನರು ಆಗಸ್ಟ್‌ನಲ್ಲಿ ಕಳಿಸಿದ್ದು ಏನು ಎಂದು ನೋಡಿದರೆ ಉತ್ತರ ಸಿಗುತ್ತದೆ. ಎಸ್‌ಎಸ್‌ನ (ನಾಜಿ ಪಕ್ಷದ ಸಶಸ್ತ್ರ ದಳ) ಗೊಟ್ಲೊಬ್ ಬೆರ್ಗರ್ ದಂಡನಾಯಕನಾಗಿ ಬಂದಾಗ ಕೆಲವೇ ದಿನದ ಕೆಲಸ ಎಂದುಕೊಂಡಿದ್ದ. ಅವನ ಕೈಗೆ ಸಿಕ್ಕದ್ದು ತರಬೇತಿ ಶಾಲೆಗಳಿಂದ, ಮೀಸಲು ಪಡೆಗಳಿಂದ ಗುಡಿಸಿ ತಂದ ತುಕಡಿಗಳು. ಪಶ್ಚಿಮದಿಂದ ನಿತ್ರಾ ಕಣಿವೆಯಲ್ಲಿ ಬಂದ ಷಿಲ್ ತುಕಡಿ ಎಸ್‌ಎಸ್ ಶಾಲೆಗಳಿಂದ ಕಟ್ಟಿದ್ದು. ಜಿಲಿನಾ ಕಡೆಯಿಂದ ಬಂದ ಟಾಟ್ರಾ ಪಾಂಜರ್ ಡಿವಿಷನ್ ಹೆಸರಿಗೆ ಡಿವಿಷನ್, ಅದೇ ಆಗಸ್ಟ್‌ನಲ್ಲಿ ಮೊರಾವಿಯಾದಲ್ಲಿ ಅವಸರದಲ್ಲಿ ಜೋಡಿಸಿದ್ದು. ಪೂರ್ವದಲ್ಲಿ ಕೆಜ್ಮಾರೊಕ್ ಕಡೆಯಿಂದ ಒಂದು ತುಕಡಿ ಲಿಪ್ಟೊವ್‌ಗೆ ಇಳಿದು ವಾಹ್ ಕಣಿವೆಯ ಮೇಲ್ಭಾಗ, ರುಜೊಂಬೆರೊಕ್‌ವರೆಗೆ, ಸೆಪ್ಟೆಂಬರ್ ಮೊದಲ ವಾರದಲ್ಲೇ ಹಿಡಿಯಿತು. ಅನುಭವಿ ಡಿವಿಷನ್‌ಗಳೆಲ್ಲ ಆಗ ವಿಸ್ಟುಲಾ, ಕಾರ್ಪೇಥಿಯನ್, ಪಶ್ಚಿಮ ರಂಗದಲ್ಲಿ ಸಿಕ್ಕಿಕೊಂಡಿದ್ದವು. ವಾರ್ಸಾ ಇನ್ನೂ ಹೊತ್ತಿ ಉರಿಯುತ್ತಿತ್ತು.

ಹೀಗಾಗಿ ಮೊದಲ ನುಗ್ಗಾಟ ಕಣಿವೆಯ ಬಾಯಿಗಳಲ್ಲೇ ನಿಂತಿತು. ತೆಲ್ಗಾರ್ಟ್ ಸೆಪ್ಟೆಂಬರ್ ಮೊದಲ ವಾರದಲ್ಲಿ ಜರ್ಮನ್ನರ ಕೈಗೆ ಹೋಗಿ ಮತ್ತೆ ಬಂಡಾಯಗಾರರ ಕೈಗೆ ಬಂತು, ಹ್ರೋನ್ ಕಣಿವೆಯ ಪೂರ್ವ ಬಾಗಿಲು ಅಕ್ಟೋಬರ್‌ವರೆಗೆ ಮುಚ್ಚಿಯೇ ಇತ್ತು. ರುಜೊಂಬೆರೊಕ್‌ನ ದಕ್ಷಿಣಕ್ಕೆ ಬಿಯೆಲಿ ಪೊಟೊಕ್‌ನಲ್ಲಿ ದೊನೊವಾಲಿಗೆ ಹೋಗುವ ದಾರಿ ತಡೆದರು. ಬೆರ್ಗರ್‌ನನ್ನು ಸೆಪ್ಟೆಂಬರ್ ಮಧ್ಯದಲ್ಲೇ ಬದಲಿಸಿ ಹೆರ್ಮಾನ್ ಹ್ಯೋಫ್ಲೆಯನ್ನು ತಂದರು. ಹೋಲೋಕಾಸ್ಟ್ ಪುಸ್ತಕಗಳಲ್ಲಿ ಬರುವ, ಲುಬ್ಲಿನ್‌ನ ಇನ್ನೊಬ್ಬ ಹ್ಯೋಫ್ಲೆ ಬೇರೆ ಮನುಷ್ಯ. ಇಬ್ಬರನ್ನೂ ಒಬ್ಬನೇ ಎಂದು ಬರೆದವರಿದ್ದಾರೆ, ಸ್ಲೈಡಿನಲ್ಲಿ ಭಾವಚಿತ್ರ ಹಾಕುವುದಾದರೆ ನೋಡಿಕೊಳ್ಳಿ.

ಈ ನಡುವೆ ಬಂಡಾಯದ ಸೈನ್ಯ ಬೆಳೆಯಿತು. ಆರಂಭದಲ್ಲಿ 18,000 ಸೈನಿಕರು. ಸೆಪ್ಟೆಂಬರ್‌ನಲ್ಲಿ ಕಡ್ಡಾಯ ಭರ್ತಿಯ ಕರೆ ಕೊಟ್ಟ ಮೇಲೆ 47,000, ಆಮೇಲೆ ಸುಮಾರು 60,000. ಆದರೆ ಜನ ಬಂದಷ್ಟು ಆಯುಧ ಬರಲಿಲ್ಲ. ಟ್ಯಾಂಕ್ ತಡೆಯುವ ಫಿರಂಗಿ, ಭಾರಿ ತೋಪು ಎರಡಕ್ಕೂ ಬರ. ಅವೆಲ್ಲ ಪ್ರೆಶೊವ್‌ನಲ್ಲಿ ಜರ್ಮನ್ನರ ಪಾಲಾಗಿದ್ದವು.

ಆ ಕೊರತೆ ತುಂಬಲು ಜ್ವೊಲೆನ್‌ನ ರೈಲ್ವೆ ಕಾರ್ಯಾಗಾರದವರು ಮಾಡಿದ ಕೆಲಸಕ್ಕೆ ಎರಡು ನಿಮಿಷ ಕೊಡಿ. ಮೂರು ಶಸ್ತ್ರಸಜ್ಜಿತ ರೈಲು ಕಟ್ಟಿದರು: ಷ್ಟೆಫಾನಿಕ್, ಹುರ್ಬಾನ್, ಮಸಾರಿಕ್. ಮೊದಲನೆಯದು ಎರಡೇ ವಾರದಲ್ಲಿ ಮುಗಿದು ಸೆಪ್ಟೆಂಬರ್ 18ಕ್ಕೆ ಹೊರಟಿತು, ಮೂರನೆಯದು ಅಕ್ಟೋಬರ್ ಮಧ್ಯಕ್ಕೆ. ರಸ್ತೆಗೆ ಇಳಿಸಿದರೆ ಜರ್ಮನ್ ಫಿರಂಗಿಗೆ ನಿಲ್ಲಲಾರದ ಹಳೆಯ ಎಲ್‌ಟಿ-35 ಟ್ಯಾಂಕನ್ನು ವ್ಯಾಗನ್ನಿನೊಳಗೆ ಕೂರಿಸಿ, ಸುತ್ತ ಉಕ್ಕಿನ ತಗಡು ಹೊದಿಸಿ, ಗೋಪುರ ಮಾತ್ರ ಮೇಲೆ ತಿರುಗುವ ಹಾಗೆ ಬಿಟ್ಟರು. ಜೊತೆಗೆ ತೋಪಿನ ವ್ಯಾಗನ್, ಮೆಷಿನ್‌ಗನ್ ವ್ಯಾಗನ್, ನಡುವೆ ಎಂಜಿನ್. ಬಿಸ್ತ್ರಿತ್ಸಾದಿಂದ ಹರ್ಮಾನೆತ್ಸ್ ಮೂಲಕ ತುರ್ಚಿಯೆತ್ಸ್ ಕಡೆಗೆ ಹೋಗುವ ರೈಲು ದಾರಿ 1940ರಲ್ಲಷ್ಟೇ ತೆರೆದಿತ್ತು, ತುಂಬ ಸುರಂಗಗಳು, ಅದರಲ್ಲಿ ಚೆರೆಮೊಷ್ನೆ ಸುರಂಗವೊಂದೇ ನಾಲ್ಕೂವರೆ ಕಿ.ಮೀ.ಗಿಂತ ಉದ್ದ. ವಿಮಾನ ಬಂದಾಗ ರೈಲು ಸುರಂಗದೊಳಗೆ, ಹೋದಮೇಲೆ ಹೊರಗೆ ಬಂದು ತೋಪು. ಹಳಿ ಇರುವಷ್ಟು ದಿನ ಇದು ನಡೆಯಿತು. ಎರಡೂ ತುದಿಯ ನಿಲ್ದಾಣ ಜರ್ಮನ್ನರ ಕೈಗೆ ಹೋದಾಗ ರೈಲುಗಳನ್ನು ಹರ್ಮಾನೆತ್ಸ್ ಬಳಿಯೇ ಬಿಟ್ಟು ಸಿಬ್ಬಂದಿ ಬೆಟ್ಟ ಹತ್ತಿದರು.

ಡುಕ್ಲಾ: ಸೋವಿಯತ್ 38ನೇ ಸೇನೆ, ಜೊತೆಗೆ ಒಂದನೇ ಚೆಕೊಸ್ಲೊವಾಕ್ ಕೋರ್, ಸೆಪ್ಟೆಂಬರ್ 8ಕ್ಕೆ ದಾಳಿ ಶುರು ಮಾಡಿದವು. ಐದು ದಿನದಲ್ಲಿ ಸ್ಲೊವಾಕಿಯಾ ತಲುಪುವ ಲೆಕ್ಕ. ಘಾಟ್ ದಾಟಿದ್ದು ಅಕ್ಟೋಬರ್ 6ಕ್ಕೆ, ಹತ್ತಾರು ಸಾವಿರ ಮಂದಿ ಸತ್ತು ಗಾಯಗೊಂಡ ಮೇಲೆ. ಒಳಗಿನಿಂದ ಘಾಟ್ ತೆರೆಯಬೇಕಿದ್ದ ಡಿವಿಷನ್‌ಗಳು ಇರಲಿಲ್ಲ, ಅವು ಕಟ್ಟಿದ್ದ ರಕ್ಷಣಾ ನೆಲೆಗಳಲ್ಲಿ ಜರ್ಮನ್ನರು ಕೂತಿದ್ದರು.

ವಿಮಾನದಿಂದ ಬಂದ ನೆರವನ್ನು ಮರೆಯಬೇಡಿ. ಸೆಪ್ಟೆಂಬರ್ 17ಕ್ಕೆ ಫ್ರಾಂಟಿಷೆಕ್ ಫಾಯ್ಟ್ಲ್ ನೇತೃತ್ವದ ಚೆಕೊಸ್ಲೊವಾಕ್ ಯುದ್ಧವಿಮಾನ ರೆಜಿಮೆಂಟ್ ಇಪ್ಪತ್ತರಷ್ಟು ಲಾ-5 ವಿಮಾನಗಳೊಡನೆ ಜೊಲ್ನಾದಲ್ಲಿ ಇಳಿಯಿತು. ಮರುದಿನವೇ ಪಿಯೆಷ್ಟ್ಯಾನಿ ವಿಮಾನ ನಿಲ್ದಾಣದ ಮೇಲೆ ಬಿದ್ದು ಜರ್ಮನ್ ವಿಮಾನಗಳನ್ನು ನೆಲದ ಮೇಲೇ ಸುಟ್ಟರು. ಎರಡನೇ ಚೆಕೊಸ್ಲೊವಾಕ್ ಪ್ಯಾರಾಚೂಟ್ ಬ್ರಿಗೇಡ್ ಟ್ರಿ ದುಬಿಗೆ ತುಂಡುತುಂಡಾಗಿ ಬಂತು. ಶರತ್ಕಾಲದ ಮಂಜಿನಿಂದ ಎಷ್ಟೋ ರಾತ್ರಿ ವಿಮಾನ ಇಳಿಯಲಾಗಲಿಲ್ಲ. ಇಡೀ ಬ್ರಿಗೇಡ್ ಸೆಪ್ಟೆಂಬರ್ ಆರಂಭದಲ್ಲಿ ಒಟ್ಟಿಗೆ ಬಂದಿದ್ದರೆ ವಾಹ್ ಕಣಿವೆಯ ಕತೆ ಬೇರೆಯಾಗುತ್ತಿತ್ತು ಎಂದು ನನ್ನ ದೃಢ ಅಭಿಪ್ರಾಯ.

ಇನ್ನು ಅಕ್ಟೋಬರ್. ತಿಂಗಳ ಆರಂಭಕ್ಕೆ ವಾರ್ಸಾ ಶರಣಾಯಿತು. ಅಲ್ಲಿಂದ ಬಿಡುವಾದ ಎಸ್‌ಎಸ್‌ನ ಡಿರ್ಲೆವಾಂಗರ್ ಬ್ರಿಗೇಡ್ ರುಜೊಂಬೆರೊಕ್ ಕಡೆಗೆ ಬಂತು. 15–16ಕ್ಕೆ ಬುಡಾಪೆಸ್ಟ್‌ನಲ್ಲಿ ಹಂಗೆರಿಯನ್ನು ಆಳುತ್ತಿದ್ದ ಹೋರ್ಟಿಯನ್ನು ಜರ್ಮನ್ನರು ಇಳಿಸಿ ತಮ್ಮ ಪರದ ಸಾಲಾಷಿಯನ್ನು ಕೂರಿಸಿದರು. ಹಂಗೆರಿ ಕೈಗೆ ಗಟ್ಟಿಯಾದ ಎರಡೇ ದಿನಕ್ಕೆ, ಅಕ್ಟೋಬರ್ 18ರಿಂದ, 18ನೇ ಎಸ್‌ಎಸ್ ಡಿವಿಷನ್ ಹೋರ್ಸ್ಟ್ ವೆಸ್ಸೆಲ್ ದಕ್ಷಿಣ ಗಡಿ ದಾಟಿ ಮೇಲೆ ಬಂತು. ಬಂಡಾಯಗಾರರ ಒಳ್ಳೆಯ ಪಡೆಗಳೆಲ್ಲ ಉತ್ತರಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ್ದವು, ದಕ್ಷಿಣದಲ್ಲಿ ತೆಳುವಾದ ಕಾವಲು. ಬ್ರೆಜ್ನೊ 25ಕ್ಕೆ, ಜ್ವೊಲೆನ್ 26ಕ್ಕೆ, ಬಾನ್ಸ್ಕಾ ಬಿಸ್ತ್ರಿತ್ಸಾ 27ಕ್ಕೆ. ಏಳು ವಾರದಲ್ಲಿ ಆಗದ್ದು ಹತ್ತು ದಿನದಲ್ಲಿ ಮುಗಿಯಿತು.

—

ಹೆಗ್ಡೆ, ಮಾಟುಂಗಾ

ಪ್ರಭುಗಳ ಮಾತಿಗೆ ಒಂದು ಸೇರ್ಪಡೆ. ಮೂರನೇ ಹಾಳೆಯಲ್ಲಿ ಪಶ್ಚಿಮವನ್ನೂ ಸರಿಯಾಗಿ ತೋರಿಸಿ. ಷಿಲ್ ತುಕಡಿ ಪ್ರಿಯೆವಿಡ್ಜಾ, ಹಾಂಡ್ಲೊವಾ ಹಾದು ಅಕ್ಟೋಬರ್ ಆರಂಭಕ್ಕೆ ಸ್ವಾತಿ ಕ್ರೀಜ್ ತಲುಪಿ ಹ್ರೋನ್ ಕಣಿವೆಯೊಳಗೆ ಕಾಲಿಟ್ಟಾಗಿತ್ತು. 14ನೇ ಎಸ್‌ಎಸ್ ಗಲೀಷಿಯಾ ಡಿವಿಷನ್ನಿನ ತುಕಡಿಗಳೂ ಸೆಪ್ಟೆಂಬರ್ ಕೊನೆಯಿಂದ ಇಲ್ಲಿವೆ. ಅಕ್ಟೋಬರ್ 18ರ ದಾಳಿ ಖಾಲಿ ಕಾಗದದ ಮೇಲೆ ಬಂದದ್ದಲ್ಲ, ಆಗಲೇ ಮೂರು ಕಡೆ ಒತ್ತಿ ಹಿಡಿದಿದ್ದ ಪ್ರದೇಶಕ್ಕೆ ನಾಲ್ಕನೇ ಕಡೆ ತೆರೆದದ್ದು. ಜನರಲ್ ರುಡೊಲ್ಫ್ ವಿಯೆಸ್ಟ್ ಅಕ್ಟೋಬರ್ 7ಕ್ಕೆ ವಿಮಾನದಲ್ಲಿ ಬಂದು ಗೊಲಿಯಾನ್‌ನಿಂದ ಅಧಿಕಾರ ವಹಿಸಿಕೊಂಡಾಗಲೇ ಪರಿಸ್ಥಿತಿ ಇಷ್ಟು ಬಿಗಡಾಯಿಸಿತ್ತು. ಸೋಲಿಗೆ ಅವರೊಬ್ಬರನ್ನು ಹೊಣೆ ಮಾಡುವ ಬರಹ ಕಂಡರೆ ನಂಬಬೇಡಿ.

—

ಶಾರದಾ, ಮುಲುಂಡ್

ಕುಲಕರ್ಣಿಯವರೇ, ಹತ್ಯೆಗಳನ್ನು ಎಲ್ಲಿ ಸೇರಿಸಬೇಕು ಎಂದು ಕೇಳಿದ್ದಿರಿ. ಕೊನೆಗೆ ಬೇಡ, ಮೊದಲ ಹಾಳೆಯಿಂದಲೇ ಸೇರಿಸಿ. ಸೈನ್ಯದ ಹಿಂದೆಯೇ, ಅದೇ ವಾರ, ಐನ್‌ಜಾಟ್ಸ್‌ಗ್ರುಪ್ಪೆ ಎಚ್ ಎಂಬ ಪೊಲೀಸ್ ಪಡೆ ಯೋಜೆಫ್ ವಿಟಿಸ್ಕಾನ ಕೈಕೆಳಗೆ ದೇಶದೊಳಗೆ ಬಂದಿತ್ತು. ಯುದ್ಧ ಮುಗಿದಮೇಲೆ ಸೇಡು ತೀರಿಸಿಕೊಂಡರು ಎಂದು ಹೇಳಿದರೆ ಅರ್ಧ ಸತ್ಯ. ಕೊಲ್ಲುವ ಪಡೆ ಮೊದಲ ಯೋಜನೆಯಲ್ಲೇ ಇತ್ತು.

ಯಹೂದಿಗಳ ವಿಷಯ ಬೇರೆಯಾಗಿ ಹೇಳಿ. 1942ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸುಮಾರು 58,000 ಜನರನ್ನು ಟಿಸೊ ಸರಕಾರ ತಾನೇ ಗಡಿ ದಾಟಿಸಿತ್ತು, ಆಮೇಲೆ ಸಾಗಾಟ ನಿಂತಿತ್ತು. 1944ರಲ್ಲಿ ಬಂಡಾಯ ಜರ್ಮನ್ನರಿಗೆ ನೆಪವಾಯಿತು. ಎಸ್‌ಎಸ್ ಅಧಿಕಾರಿ ಆಲೊಯ್ಸ್ ಬ್ರುನ್ನರ್ ಸೆರೆದ್ ಶಿಬಿರಕ್ಕೆ ಬಂದ. ಸೆಪ್ಟೆಂಬರ್ ಕೊನೆಯಿಂದ 1945ರ ಮಾರ್ಚ್ ಕೊನೆಯವರೆಗೆ ಅಲ್ಲಿಂದ 11 ರೈಲುಗಳಲ್ಲಿ 11,000ಕ್ಕೂ ಹೆಚ್ಚು ಜನರನ್ನು ಸಾಗಿಸಿದರು, ಮೊದಲಿನವು ಆಷ್ವಿಟ್ಸ್‌ಗೆ. ಒಳನಾಡಿನ ನಕ್ಷೆಯಲ್ಲಿ ಸೆರೆದ್ ಬರುವುದಿಲ್ಲ, ನಿತ್ರಾದ ಪಶ್ಚಿಮಕ್ಕಿದೆ, ದೊಡ್ಡ ನಕ್ಷೆಯಲ್ಲಿ ಗುರುತು ಹಾಕಿ.

ಬಿಸ್ತ್ರಿತ್ಸಾ ಬಿದ್ದಮೇಲೆ ಅಲ್ಲಿ ನೆಲೆ ಹೂಡಿದ್ದು ಐನ್‌ಜಾಟ್ಸ್‌ಕೊಮಾಂಡೊ 14, ಮುಖ್ಯಸ್ಥ ಗಿಯೋರ್ಗ್ ಹೊಯ್ಸರ್. ನವೆಂಬರ್ 5ರಿಂದ ಊರ ಹೊರಗಿನ ಕ್ರೆಮ್ನಿಚ್ಕಾದಲ್ಲಿ ಟ್ಯಾಂಕ್ ತಡೆಯಲು ತೋಡಿದ್ದ ಕಂದಕಗಳ ಅಂಚಿಗೆ ಲಾರಿಗಳಲ್ಲಿ ಜನರನ್ನು ತಂದು ಗುಂಡಿಕ್ಕಿದರು. ಯುದ್ಧದ ನಂತರ ಅಗೆದಾಗ ಸಿಕ್ಕ ಹೆಣಗಳು 747, ಹೆಂಗಸರೂ ಮಕ್ಕಳೂ ಸೇರಿ. 1945ರ ಜನವರಿ 4ರಿಂದ 11ರವರೆಗೆ, ಹ್ರೋನ್ ಕಣಿವೆಯಲ್ಲೇ ಬ್ರೆಜ್ನೊ ಕಡೆಗಿರುವ ನೆಮೆತ್ಸ್ಕಾ ಎಂಬ ಹಳ್ಳಿಯಲ್ಲಿ ಸುಣ್ಣದ ಭಟ್ಟಿಯ ಬಾಯಿಗೆ ನಿಲ್ಲಿಸಿ ಕೊಂದು ಒಳಗೆ ತಳ್ಳಿದರು. ಬೂದಿಯನ್ನು ಹ್ರೋನ್ ನದಿಗೆ ಹಾಕಿದರು. ಹೆಣ ಉಳಿಯದ ಕಾರಣ ಅಲ್ಲಿಯ ಸಂಖ್ಯೆ ಅಂದಾಜು, ಸುಮಾರು 900 ಎನ್ನುತ್ತಾರೆ. ಎರಡು ಕಡೆಯೂ ಜರ್ಮನ್ನರ ಜೊತೆ ಕೈಜೋಡಿಸಿದ್ದು ಟಿಸೊನ ಪಕ್ಷದ ಅರೆಸೈನಿಕ ಪಡೆಯಾದ ಹ್ಲಿಂಕಾ ಗಾರ್ಡ್‌ನ ತುರ್ತು ದಳ, ಅಂದರೆ ಸ್ಲೊವಾಕರೇ. ಅದನ್ನು ಬಿಟ್ಟುಬಿಡಬೇಡಿ, ಜರ್ಮನ್ನರು ಎಂದಷ್ಟೇ ಹೇಳಿದರೆ ಸುಳ್ಳಾಗುತ್ತದೆ.

ಜನವರಿ 21ಕ್ಕೆ ಕ್ಲಾಕ್ ಮತ್ತು ಓಸ್ಟ್ರಿ ಗ್ರೂನ್ ಎಂಬ ಎರಡು ಹಳ್ಳಿ, ಒಂದೇ ದಿನ 148 ಸಾವು. ಮಾರ್ಚ್ 18ಕ್ಕೆ ಬಿಸ್ತ್ರಿತ್ಸಾದ ಮೇಲಿನ ಬೆಟ್ಟದ ಕಾಲಿಷ್ಟೆ ಸುಟ್ಟರು. ಆ ಊರನ್ನು ಮತ್ತೆ ಕಟ್ಟಲೇ ಇಲ್ಲ. ದಿನಾಂಕ ಗಮನಿಸಿ: ಕೆಂಪು ಸೇನೆಯೂ ರುಮೇನಿಯಾದ ಸೈನ್ಯವೂ ಬಿಸ್ತ್ರಿತ್ಸಾಕ್ಕೆ ಬರಲು ಆಗ ಒಂದು ವಾರ ಮಾತ್ರ ಉಳಿದಿತ್ತು.

ಇನ್ನೊಂದು ಹೆಸರೂ ನಕ್ಷೆಯಲ್ಲಿ ಇರಬೇಕು: ಸ್ಕ್ಲೆನೆ. ಸೆಪ್ಟೆಂಬರ್ 21ಕ್ಕೆ, ಮಾರ್ಟಿನ್ ಬಿದ್ದ ದಿನವೇ, ಗೆರಿಲ್ಲಾಗಳು ಅಲ್ಲಿ 187 ಜರ್ಮನ್ ಭಾಷಿಕ ಹಳ್ಳಿಗರನ್ನು ಗುಂಡಿಟ್ಟು ಕೊಂದರು. ಅವರು ಯುದ್ಧಕ್ಕೆ ಬಂದವರಲ್ಲ, ತಲೆಮಾರುಗಳಿಂದ ಅಲ್ಲೇ ಬದುಕಿದವರು. ಇದನ್ನು ಮುಚ್ಚಿಟ್ಟು ಕ್ರೆಮ್ನಿಚ್ಕಾದ ಮಾತಾಡಬಾರದು.

—

ಕುಲಕರ್ಣಿ, ಕೋಥ್ರೂಡ್

ಶಾರದಕ್ಕ, ಸ್ಕ್ಲೆನೆ ನನ್ನ ಓದಿನಲ್ಲಿ ಬಂದೇ ಇರಲಿಲ್ಲ. ಖಂಡಿತ ಸೇರಿಸುತ್ತೇನೆ. ಕಡೆಯ ಪ್ರಶ್ನೆ, ಬಂಡಾಯ ಮುಗಿದ ದಿನ ಎಂದು ಯಾವುದನ್ನು ಬರೆಯಲಿ, 27 ಅಥವಾ 28?

—

ದೇಸಾಯಿ, ಡೊಂಬಿವಲಿ

ಎರಡಕ್ಕೂ ಬೇರೆ ಬೇರೆ ಶೀರ್ಷಿಕೆ ಕೊಡ್ರಿ. 27 ಎಂದರೆ ಬಿಸ್ತ್ರಿತ್ಸಾ ಜರ್ಮನ್ನರ ಕೈಗೆ ಹೋದ ದಿನ. 27–28ರ ನಡುರಾತ್ರಿ ದೊನೊವಾಲಿಯಿಂದ ವಿಯೆಸ್ಟ್ ಆಜ್ಞೆ ಕೊಟ್ಟರು: ಸೈನ್ಯವಾಗಿ ಸಂಘಟಿತ ಹೋರಾಟ ನಿಲ್ಲಿಸಿ, ಗೆರಿಲ್ಲಾ ಯುದ್ಧಕ್ಕೆ ಇಳಿಯಿರಿ. ಮುಗಿಯಿತು ಎಂದು ಆ ಆಜ್ಞೆ ಹೇಳಲಿಲ್ಲ, ಹಾಗೆ ಬರೆದರೆ ಚಳಿಗಾಲವಿಡೀ ಬೆಟ್ಟದಲ್ಲಿ ಹೋರಾಡಿದವರಿಗೆ ಅನ್ಯಾಯ.

30ಕ್ಕೆ ಟಿಸೊ ಬಿಸ್ತ್ರಿತ್ಸಾಕ್ಕೆ ಬಂದು ಪೂಜೆ ಮಾಡಿಸಿ ಜರ್ಮನ್ ಸೈನಿಕರಿಗೆ ಪದಕ ಹಂಚಿದ. ಇದಕ್ಕೂ ಒಂದು ಸಾಲು ಇಡಿ. 1947ರಲ್ಲಿ ಅವನ ವಿಚಾರಣೆಯಾಗಿ ಗಲ್ಲಿಗೇರಿಸಿದಾಗ ಬಂಡಾಯವನ್ನು ಹತ್ತಿಕ್ಕಲು ನೆರವಾದದ್ದೂ ಆರೋಪಗಳಲ್ಲಿ ಒಂದು. ಗೊಲಿಯಾನ್, ವಿಯೆಸ್ಟ್ ಇಬ್ಬರೂ ನವೆಂಬರ್ 3ಕ್ಕೆ ಪೊಹ್ರೊನ್ಸ್ಕಿ ಬುಕೊವೆತ್ಸ್‌ನಲ್ಲಿ ಸೆರೆಯಾದರು, 1945ರಲ್ಲಿ ಜರ್ಮನಿಯಲ್ಲಿ ಕೊಲೆಯಾದರು. ಅಮೆರಿಕನ್ ಗುಪ್ತಚರ ತಂಡದ ಹೋಲ್ಟ್ ಗ್ರೀನ್ ಮತ್ತು ಜೊತೆಗಾರರು ಡಿಸೆಂಬರ್ 26ಕ್ಕೆ ಪೊಲೊಮ್ಕಾದ ಮೇಲಿನ ಗುಡಿಸಲಿನಲ್ಲಿ ಸಿಕ್ಕಿಬಿದ್ದರು, ಅವರನ್ನು ಮೌಟ್‌ಹೌಸೆನ್‌ನಲ್ಲಿ ಕೊಂದರು.

ವೇಳೆ ಹೀಗೆ ಹಂಚಿದರೆ ಆದೀತು: ಗಡಿ ಮತ್ತು ಕಣಿವೆಗೆ 8 ನಿಮಿಷ, ಮೊದಲ ಮೂರು ದಿನಕ್ಕೆ 14, ಸೆಪ್ಟೆಂಬರ್‌ಗೆ 10, ಅಕ್ಟೋಬರ್‌ಗೆ 8, ನವೆಂಬರ್‌ನಿಂದ ಮಾರ್ಚ್‌ವರೆಗೆ 10. ಶಾರದಾ ಅವರು ಹೇಳಿದ ಊರುಗಳನ್ನು ಆಯಾ ಹಾಳೆಯಲ್ಲೇ ಕಪ್ಪು ಬಣ್ಣದಲ್ಲಿ ಗುರುತಿಸಿ, ಬಾಣಗಳಿಗೆ ಕಪ್ಪು ಬಳಸಬೇಡಿ. ಮುದ್ರಿಸುವ ಮುಂಚೆ ಗಡಿಯನ್ನು ಇನ್ನೊಮ್ಮೆ ನೋಡಿ: ಕೊಷಿತ್ಸೆ ಹಂಗೆರಿಯೊಳಗೆ ಬಿದ್ದಿರಬೇಕು.